ಗೋವಾದಿಂದ ಚಾಗೋಸ್‌ವರೆಗೆ: ವಸಾಹತುಗಳ ಮೇಲಿನ ಅಂತಾರಾಷ್ಟ್ರೀಯ ಮೇಲ್ವಿಚಾರಣೆ ಮತ್ತು ಸಾರ್ವಭೌಮತ್ವದ ವ್ಯಾಜ್ಯಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ-ಹುಡುಗಿಯರಿಗೆ ಹಲವು ವರ್ಷಗಳಿಂದ ಇತಿಹಾಸ ಹೇಳಿಕೊಡುತ್ತ ಬಂದಿದ್ದೇನೆ. ಪ್ರತಿವರ್ಷ ಡಿಸೆಂಬರ್ 19 ಹತ್ತಿರವಾದಂತೆ ಗೋವಾ ವಿಮೋಚನೆಯ ಮಾತು ಬರುತ್ತದೆ; ಅದರ ಬೆನ್ನಿಗೇ ವಿಶ್ವಸಂಸ್ಥೆಯ ಮಾತೂ ಬರುತ್ತದೆ. ಚೋರ್ಲಾ ಘಾಟಿನಲ್ಲಿ ನಮ್ಮ ಕಡೆಯ ತರಕಾರಿ ಮತ್ತು ಹಾಲು ಹೊತ್ತು ದಿನವೂ ಇಳಿಯುವ ವಾಹನಗಳನ್ನು ನೋಡಿ ಬೆಳೆದ ಈ ಮಕ್ಕಳಿಗೆ, ಅದೇ ಘಟ್ಟದ ಕೆಳಗೆ ಒಂದು ಕಾಲಕ್ಕೆ ಯುರೋಪಿನ ದೇಶವೊಂದರ ಗಡಿ ಇತ್ತೆಂದರೆ ನಂಬಿಕೆಯೇ ಬರುವುದಿಲ್ಲ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಅಂತಾರಾಷ್ಟ್ರೀಯ ಮೇಲ್ವಿಚಾರಣೆ ಎಂದರೆ ನಿಜಕ್ಕೂ ಏನು?

ಒಂದು ದೇಶವು ತನ್ನ ವಸಾಹತಿನ ಜನರನ್ನು ಹೇಗೆ ಆಳುತ್ತಿದೆ ಎಂಬುದಕ್ಕೆ ಹೊರಗಿನವರ ಮುಂದೆ ಲೆಕ್ಕ ಒಪ್ಪಿಸಬೇಕೆಂಬ ಕಟ್ಟುಪಾಡಿಗೆ ಈ ಹೆಸರಿದೆ. ಇದರ ಬೆಲೆ ತಿಳಿಯಬೇಕಾದರೆ ಇದು ಇಲ್ಲದ ಕಾಲ ಹೇಗಿತ್ತೆಂಬುದನ್ನು ನೋಡಬೇಕು. ಅದಕ್ಕೆ ನಾವು ಕಿತ್ತೂರಿನಿಂದ ಆಚೆ ಹೋಗಬೇಕಾಗಿಲ್ಲ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ದತ್ತು ಮಗನನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಕೈಹಾಕಿದಾಗ, ರಾಣಿ ಚೆನ್ನಮ್ಮ ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಲೇಖನಿಯನ್ನು; ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಆಕೆ ಪತ್ರ ಬರೆದಳು. ಆದರೆ ಆ ಗವರ್ನರ್ ಥ್ಯಾಕರೆಯ ಮೇಲಧಿಕಾರಿಯೇ ಆಗಿದ್ದ. ಯಾರ ಮೇಲೆ ದೂರೋ ಅವರಿಗೇ ದೂರು ಕೊಡಬೇಕಾದ ಪರಿಸ್ಥಿತಿ ಅದು. ಕೇಳುವುದಕ್ಕೆ ಮೂರನೆಯ ಕಿವಿಯೇ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಮೇಲ್ವಿಚಾರಣೆಯ ವ್ಯವಸ್ಥೆ ಆ ಮೂರನೆಯ ಕಿವಿಯನ್ನು ಒದಗಿಸಿತು. ಕೇಳಿದ್ದನ್ನು ಜಾರಿಗೆ ತರುವ ಕೈ ಅದಕ್ಕೆ ಹೆಚ್ಚಾಗಿ ಇರಲಿಲ್ಲ, ಇಂದಿಗೂ ಇಲ್ಲ. ಹಾಗಿದ್ದೂ ಕೇಳುವವರು ಯಾರೂ ಇಲ್ಲದಿರುವುದಕ್ಕೂ ಒಬ್ಬರಾದರೂ ಇರುವುದಕ್ಕೂ ಬಹಳ ವ್ಯತ್ಯಾಸವಿದೆಯೆಂದೇ ನಾನು ನಂಬಿದ್ದೇನೆ.

ಈ ವ್ಯವಸ್ಥೆ ಯಾವಾಗ ಆರಂಭವಾಯಿತು?

ಮೊದಲ ಮಹಾಯುದ್ಧದ ನಂತರ. ಸೋತ ಜರ್ಮನಿ ಮತ್ತು ತುರ್ಕಿಯ ಕೈಯಲ್ಲಿದ್ದ ಪ್ರದೇಶಗಳನ್ನು ಗೆದ್ದವರು ನೇರವಾಗಿ ನುಂಗಿಕೊಳ್ಳುವ ಬದಲು, ವಿಶ್ವಸಂಸ್ಥೆಗೂ ಮುಂಚಿನ ಜಾಗತಿಕ ಸಂಸ್ಥೆಯಾದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಒಡಂಬಡಿಕೆಯ 22ನೆಯ ವಿಧಿಯ ಪ್ರಕಾರ ‘ಮ್ಯಾಂಡೇಟ್’ ಎಂಬ ಹೆಸರಿನಲ್ಲಿ ಪಡೆದರು. ಇರಾಕ್, ಸಿರಿಯಾ, ಪ್ಯಾಲೆಸ್ಟೀನ್ ‘ಎ’ ವರ್ಗಕ್ಕೆ, ಟಾಂಗನೀಕಾ, ಟೋಗೊ, ಕ್ಯಾಮರೂನ್‌ಗಳು ‘ಬಿ’ ವರ್ಗಕ್ಕೆ, ನೈಋತ್ಯ ಆಫ್ರಿಕಾ (ಇಂದಿನ ನಮೀಬಿಯಾ), ನೌರು, ಸಮೋವಾದಂಥವು ‘ಸಿ’ ವರ್ಗಕ್ಕೆ ಸೇರಿದವು. ಜನರನ್ನು ಎ, ಬಿ, ಸಿ ಎಂದು ದರ್ಜೆ ಹಚ್ಚಿ ವಿಂಗಡಿಸಿದ ಈ ಕ್ರಮವನ್ನು ಓದುವಾಗ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಆದರೂ ಆಳುವ ದೇಶ ಪ್ರತಿವರ್ಷ ಕಾಯಂ ಮ್ಯಾಂಡೇಟ್ ಆಯೋಗದ ಮುಂದೆ ವರದಿ ಇಡಬೇಕೆಂಬ ನಿಯಮ ಅಲ್ಲಿಂದಲೇ ಶುರುವಾಯಿತು.

ಹಾಗಾದರೆ ಬ್ರಿಟಿಷರ ಕೈಯಲ್ಲಿದ್ದ ಭಾರತವೂ ಈ ಮೇಲ್ವಿಚಾರಣೆಗೆ ಒಳಪಟ್ಟಿತ್ತೇ?

ಇರಲಿಲ್ಲ. ಗೆದ್ದವರ ಸ್ವಂತ ವಸಾಹತುಗಳನ್ನು ಮ್ಯಾಂಡೇಟ್ ವ್ಯವಸ್ಥೆ ಮುಟ್ಟಲೇ ಇಲ್ಲ. ಅದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಪರರ ಆಳ್ವಿಕೆಯಲ್ಲಿದ್ದ ಭಾರತವೇ ರಾಷ್ಟ್ರಸಂಘದ ಸ್ಥಾಪಕ ಸದಸ್ಯ ದೇಶವಾಗಿತ್ತು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ತಿಲಕವಾಡಿಯಲ್ಲಿ ಗಾಂಧೀಜಿ ತಮ್ಮ ಜೀವಮಾನದಲ್ಲಿ ಒಮ್ಮೆ ಮಾತ್ರ ಕಾಂಗ್ರೆಸ್ ಅಧ್ಯಕ್ಷತೆ ವಹಿಸಿ ಸ್ವರಾಜ್ಯದ ಮಾತನಾಡುತ್ತಿದ್ದಾಗ, ಜಿನೀವಾದಲ್ಲಿ ಭಾರತದ ಹೆಸರಿನ ಕುರ್ಚಿಯಲ್ಲಿ ಬ್ರಿಟಿಷ್ ಸರಕಾರ ಆರಿಸಿ ಕಳಿಸಿದವರು ಕೂಡುತ್ತಿದ್ದರು. 1945ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು, ಮುಂದೆ ಮೈಸೂರಿನ ದಿವಾನರಾದ ಎ. ರಾಮಸ್ವಾಮಿ ಮೊದಲಿಯಾರ್, ಆಗಲೂ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಸದಸ್ಯ ರಾಷ್ಟ್ರವೇ ಆಗಿದ್ದುದರಿಂದ ವಸಾಹತುಗಳ ಪಟ್ಟಿಯಲ್ಲಿ ಭಾರತದ ಹೆಸರು ಎಂದೂ ಬರಲಿಲ್ಲ.

‘ಧರ್ಮದರ್ಶಿ ಪ್ರದೇಶ’ ಮತ್ತು ‘ಸ್ವಯಮಾಡಳಿತವಿಲ್ಲದ ಪ್ರದೇಶ’ ಎರಡೂ ಒಂದೆಯೇ?

ಅಲ್ಲ. ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವ ಜಾಗ ಇದು. ಹಳೆಯ ಮ್ಯಾಂಡೇಟ್‌ಗಳಲ್ಲಿ ಹಲವೂ ಎರಡನೆಯ ಮಹಾಯುದ್ಧದಲ್ಲಿ ಸೋತವರಿಂದ ಬಂದ ಪ್ರದೇಶಗಳೂ ವಿಶ್ವಸಂಸ್ಥೆಯ ಧರ್ಮದರ್ಶಿ (ಟ್ರಸ್ಟೀಶಿಪ್) ಮಂಡಳಿಯ ಕಣ್ಗಾವಲಿಗೆ ಬಂದವು. ಅಂಥ ಧರ್ಮದರ್ಶಿ ಪ್ರದೇಶಗಳು ಒಟ್ಟು 11. ಕೊನೆಯದಾದ ಪಲಾವು 1994ರಲ್ಲಿ ಸ್ವತಂತ್ರವಾದ ಮೇಲೆ ಮಂಡಳಿ ತನ್ನ ಕೆಲಸ ನಿಲ್ಲಿಸಿತು. ಉಳಿದ ಸಾಮಾನ್ಯ ವಸಾಹತುಗಳಿಗೆ, ಅಂದರೆ ‘ಸ್ವಯಮಾಡಳಿತವಿಲ್ಲದ ಪ್ರದೇಶ’ಗಳಿಗೆ, ಸನ್ನದಿನ 73ನೆಯ ವಿಧಿ ಅನ್ವಯಿಸುತ್ತದೆ. ಅದರ ಪ್ರಕಾರ ಆಳುವ ದೇಶ ಅಲ್ಲಿನ ಶಿಕ್ಷಣ, ಆರ್ಥಿಕ ಮತ್ತು ಸಾಮಾಜಿಕ ಸ್ಥಿತಿಯ ಮಾಹಿತಿಯನ್ನು ಮಹಾಕಾರ್ಯದರ್ಶಿಗೆ ಕಳಿಸಬೇಕು. 1946ರಲ್ಲಿ ಎಂಟು ದೇಶಗಳು ತಾವಾಗಿಯೇ 74 ಪ್ರದೇಶಗಳ ಹೆಸರು ಕೊಟ್ಟವು. ಈ ‘ತಾವಾಗಿಯೇ’ ಎಂಬ ಪದದಲ್ಲೇ ಮುಂದಿನ ಜಗಳದ ಬೀಜವಿತ್ತು: ನನ್ನದು ವಸಾಹತೇ ಅಲ್ಲ ಎಂದು ಆಳುವ ದೇಶ ಹಟ ಹಿಡಿದರೆ ಏನು ಮಾಡಬೇಕು?

ಪೋರ್ಚುಗಲ್ ಹಾಗೆ ಹಟ ಹಿಡಿದದ್ದು ಹೇಗೆ?

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಒಂದು ನಾಣ್ಯವಿದೆ. ನಮ್ಮಜ್ಜ ಲೋಂಡಾದ ಕಡೆ ಕಿರಾಣಿ ವ್ಯಾಪಾರ ಮಾಡುತ್ತಿದ್ದಾಗ ಕೈಸೇರಿದ್ದು. 1952ನೆಯ ಇಸವಿಯ ಒಂದು ರೂಪಿಯಾ. ಅದರ ಮೇಲೆ ‘ಎಸ್ಟಾಡೊ ದ ಇಂಡಿಯಾ’, ಅಂದರೆ ‘ಇಂಡಿಯಾ ರಾಜ್ಯ’ ಎಂದು ಅಚ್ಚೊತ್ತಿದೆ. ತರಗತಿಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸುವಾಗ ಪ್ರತಿ ಸಲವೂ ಯಾರಾದರೊಬ್ಬರು, “ಸರ್, ಇಂಡಿಯಾ ಅಂತ ಅವರ್ಯಾಕ ಬರದಾರ್ರೀ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ವಿವಾದ ಅರ್ಧ ತಿಳಿದಂತೆಯೇ.

ಗೋವಾ ವಿಜಾಪುರದ ಆದಿಲ್‌ಶಾಹಿ ಅರಸರ ಬಂದರಾಗಿತ್ತು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಅದನ್ನು ಅವರಿಂದ ಕಿತ್ತುಕೊಂಡ. (ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಹೋಗುವ ಮಕ್ಕಳಿಗೆ ನಾನು ಈ ಮಾತನ್ನು ತಪ್ಪದೆ ನೆನಪಿಸುತ್ತೇನೆ, ಗೋವಾದ ಕಥೆ ಪೋರ್ಚುಗೀಸರಿಂದ ಶುರುವಾಗುವುದಿಲ್ಲ.) ನಾಲ್ಕು ಶತಮಾನಗಳ ನಂತರ, 1951ರಲ್ಲಿ, ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್‌ನ ಸರಕಾರ ಸಂವಿಧಾನವನ್ನು ತಿದ್ದಿ ‘ವಸಾಹತು’ ಎಂಬ ಪದವನ್ನು ತೆಗೆದು ‘ಸಾಗರದಾಚೆಯ ಪ್ರಾಂತ’ ಎಂದು ಬರೆಯಿತು. 1955ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯನಾದ ಮೇಲೆ, 73ನೆಯ ವಿಧಿಯಡಿ ಬರುವ ಪ್ರದೇಶಗಳು ನಿಮ್ಮಲ್ಲಿವೆಯೇ ಎಂದು ಕೇಳಿದಾಗ, ಇಲ್ಲವೆಂದು ಉತ್ತರಿಸಿತು. ಲಿಸ್ಬನ್ ಹೇಗೆ ಪೋರ್ಚುಗಲ್ಲೋ ಪಣಜಿಯೂ ಹಾಗೆಯೇ ಪೋರ್ಚುಗಲ್ ಎಂಬುದು ಅದರ ವಾದ. ಅದೇ 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾಗಿದ್ದರು.

ವಿಶ್ವಸಂಸ್ಥೆ ಈ ವಾದವನ್ನು ಒಪ್ಪಿತೇ?

ಒಪ್ಪಲಿಲ್ಲ, ಆದರೆ ಹಾಗೆಂದು ಹೇಳಲು ಐದು ವರ್ಷ ತೆಗೆದುಕೊಂಡಿತು. ಆಫ್ರಿಕಾದ ಹೊಸ ದೇಶಗಳು ಸಾಲುಸಾಲಾಗಿ ಸದಸ್ಯರಾದ 1960ರಲ್ಲಿ ಸಾಮಾನ್ಯ ಸಭೆಯ ಬಲಾಬಲವೇ ಬದಲಾಯಿತು. ಡಿಸೆಂಬರ್ 14ರಂದು 1514ನೆಯ ನಿರ್ಣಯವು 89 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಒಂದೂ ಮತ ಬೀಳಲಿಲ್ಲ, ಬ್ರಿಟನ್, ಅಮೆರಿಕ, ಫ್ರಾನ್ಸ್, ಪೋರ್ಚುಗಲ್ ಸೇರಿ ಒಂಬತ್ತು ದೇಶಗಳು ತಟಸ್ಥವಾಗಿ ಉಳಿದವು. ರಾಜಕೀಯ, ಆರ್ಥಿಕ ಅಥವಾ ಶೈಕ್ಷಣಿಕ ಸಿದ್ಧತೆ ಸಾಲದೆಂಬುದನ್ನು ಸ್ವಾತಂತ್ರ್ಯ ತಡಮಾಡಲು ನೆಪವಾಗಿ ಬಳಸಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತು. ಮರುದಿನ 1541ನೆಯ ನಿರ್ಣಯ ವಸಾಹತನ್ನು ಗುರುತಿಸುವ ಅಳತೆಗೋಲನ್ನು ಕೊಟ್ಟಿತು: ಆಳುವ ದೇಶದಿಂದ ಭೌಗೋಳಿಕವಾಗಿ ಬೇರೆಯಾಗಿದ್ದು, ಜನಾಂಗ ಅಥವಾ ಸಂಸ್ಕೃತಿಯಲ್ಲೂ ಭಿನ್ನವಾಗಿದ್ದರೆ ಅದು ಮೇಲ್ನೋಟಕ್ಕೇ ವಸಾಹತು. ಅದೇ ದಿನದ 1542ನೆಯ ನಿರ್ಣಯ ಪೋರ್ಚುಗಲ್ಲಿನ ಪ್ರದೇಶಗಳನ್ನು ಹೆಸರು ಹಿಡಿದು ಪಟ್ಟಿಮಾಡಿತು: ಅಂಗೋಲಾ, ಮೊಜಾಂಬಿಕ್, ಗಿನಿ, ಕೇಪ್ ವರ್ಡ್, ಮಕಾವ್, ಟಿಮೋರ್ ಮುಂತಾದವುಗಳ ಜೊತೆಗೆ ‘ಇಂಡಿಯಾ ರಾಜ್ಯ ಎಂದು ಕರೆಯಲಾಗುವ ಗೋವಾ ಮತ್ತು ಅದರ ಅಧೀನ ಪ್ರದೇಶಗಳು’. ನಾಣ್ಯದ ಮೇಲಿನ ಹೆಸರು ವಿಶ್ವಸಂಸ್ಥೆಯ ಕಾಗದಕ್ಕೂ ಬಂತು. ಬಂದದ್ದು ಮಾತ್ರ ವಸಾಹತಿನ ಹೆಸರಾಗಿ.

ಆ ಅಳತೆಗೋಲಿನಲ್ಲಿ ಒಂದು ಕೊರತೆಯಿದೆಯೆಂದು ಒಪ್ಪಿಕೊಳ್ಳಬೇಕು. ಹಡಗು ಹತ್ತಿ ಹೋಗಿ ಗೆದ್ದ ನೆಲ ಅದಕ್ಕೆ ಸುಲಭವಾಗಿ ಕಾಣುತ್ತದೆ. ಕಾಲ್ನಡಿಗೆಯಲ್ಲಿ ಹೋಗಿ ಗೆದ್ದ ಪಕ್ಕದ ನೆಲ ಕಾಣುವುದಿಲ್ಲ.

ದಾದ್ರಾ-ನಗರಹವೇಲಿಯ ವಿಷಯದಲ್ಲಿ ಭಾರತ ಹೇಗ್ ನ್ಯಾಯಾಲಯದಲ್ಲಿ ಸೋತಿತೇ?

ಸೋಲಲಿಲ್ಲ, ಪೂರ್ತಿ ಗೆಲ್ಲಲೂ ಇಲ್ಲ. 1954ರಲ್ಲಿ ಸ್ವಯಂಸೇವಕರು ಪೋರ್ಚುಗಲ್ಲಿನ ಕೈಯಲ್ಲಿದ್ದ ಆ ಎರಡು ಒಳನಾಡ ತುಂಡುಗಳನ್ನು ವಶಪಡಿಸಿಕೊಂಡಾಗ, ಕರಾವಳಿಯಲ್ಲಿ ತನ್ನದಾಗಿದ್ದ ದಮನ್‌ನಿಂದ ಅಲ್ಲಿಗೆ ಹೋಗಲು ತನಗೆ ದಾರಿಯ ಹಕ್ಕಿದೆಯೆಂದು ಪೋರ್ಚುಗಲ್ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಹೊಲಕ್ಕೆ ಹೋಗುವ ಬಂಡಿದಾರಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತುವುದನ್ನು ಕಂಡ ನಮ್ಮ ರೈತರಿಗೆ ಈ ವ್ಯಾಜ್ಯ ಬೇಗ ತಿಳಿಯುತ್ತದೆ. 1960ರ ಏಪ್ರಿಲ್‌ನ ತೀರ್ಪು ಹೀಗಿತ್ತು: ಖಾಸಗಿ ಜನರಿಗೆ, ಆಡಳಿತದ ಅಧಿಕಾರಿಗಳಿಗೆ ಮತ್ತು ಸರಕಿಗೆ ದಾರಿಯ ಹಕ್ಕಿತ್ತು; ಸೈನ್ಯಕ್ಕೆ, ಸಶಸ್ತ್ರ ಪೊಲೀಸರಿಗೆ, ಮದ್ದುಗುಂಡಿಗೆ ಇರಲಿಲ್ಲ; ಪರಿಸ್ಥಿತಿ ಉದ್ವಿಗ್ನವಾಗಿದ್ದ ಕಾರಣ ದಾರಿ ತಡೆದ ಭಾರತ ತನ್ನ ಬಾಧ್ಯತೆಯನ್ನು ಮೀರಿಲ್ಲ.

1961ರಲ್ಲಿ ಸೈನ್ಯ ನುಗ್ಗಿಸಿದ್ದು ಕಾನೂನಿಗೆ ಸರಿಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮೂರಿಗೆ ಅತಿ ಹತ್ತಿರದ ಪ್ರಶ್ನೆಯೂ ಹೌದು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೆಯ ಡಿವಿಷನ್ ಆ ಡಿಸೆಂಬರಿನಲ್ಲಿ ನೆರೆದದ್ದು ಬೆಳಗಾವಿಯಲ್ಲಿ. ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದ ಹಂಟರ್ ವಿಮಾನಗಳು ಹಾರಿದ್ದು ಸಾಂಬ್ರಾ ನಿಲ್ದಾಣದಿಂದ. ಡಿಸೆಂಬರ್ 18ರಂದು ಆರಂಭವಾದ ಕಾರ್ಯಾಚರಣೆ ಮರುದಿನ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅವರ ಶರಣಾಗತಿಯೊಂದಿಗೆ ಮುಗಿಯಿತು. 451 ವರ್ಷಗಳ ಆಳ್ವಿಕೆ ಎರಡು ದಿನಗಳಲ್ಲಿ ಕೊನೆಗೊಂಡಿತು.

ಅತ್ತ ನ್ಯೂಯಾರ್ಕಿನಲ್ಲಿ 18ರಂದೇ ಭದ್ರತಾ ಮಂಡಳಿ ಸೇರಿತ್ತು. ಬಲಪ್ರಯೋಗವನ್ನು ನಿಷೇಧಿಸಿದ ಸನ್ನದನ್ನು ಭಾರತ ಮುರಿದಿದೆಯೆಂದು ಅಮೆರಿಕದ ಅಡ್ಲೈ ಸ್ಟೀವನ್‌ಸನ್ ಕಟುವಾಗಿ ಮಾತನಾಡಿದರು. ವಸಾಹತನ್ನು ಉಳಿಸಿಕೊಳ್ಳುವುದೇ ಕಾನೂನುಬಾಹಿರ, ತನ್ನದೇ ನೆಲದ ಮೇಲೆ, ತನ್ನದೇ ಜನರ ಮೇಲೆ ಯಾರೂ ಆಕ್ರಮಣ ಮಾಡಲಾರರು ಎಂಬುದು ಭಾರತದ ಪ್ರತಿನಿಧಿ ಸಿ.ಎಸ್. ಝಾ ಅವರ ವಾದವಾಗಿತ್ತು. ಕದನ ನಿಲ್ಲಿಸಿ ಸೈನ್ಯ ಹಿಂದಕ್ಕೆ ಬರಬೇಕೆಂಬ ನಾಲ್ಕು ದೇಶಗಳ ಕರಡಿಗೆ ಪರ 7, ವಿರುದ್ಧ 4 ಮತಗಳು ಬಿದ್ದವು. ವಿರೋಧಿಸಿದ್ದು ಸೋವಿಯತ್ ಒಕ್ಕೂಟ, ಸಿಲೋನ್ (ಇಂದಿನ ಶ್ರೀಲಂಕಾ), ಲೈಬೀರಿಯಾ ಮತ್ತು ಸಂಯುಕ್ತ ಅರಬ್ ಗಣರಾಜ್ಯ (ಈಜಿಪ್ಟ್). ಸೋವಿಯತ್ ವೀಟೊದಿಂದ ಕರಡು ಬಿದ್ದುಹೋಯಿತು. ಈ ಘಟನೆಯ ಮುಂದಿನ ವರ್ಷವೇ ವಸಾಹತು ವಿಮೋಚನೆಯ ವಿಶೇಷ ಸಮಿತಿಗೆ ಅದೇ ಝಾ ಅವರು ಅಧ್ಯಕ್ಷರಾದರು.

ನನ್ನ ಅಭಿಪ್ರಾಯ ಕೇಳುವವರಿಗೆ ಹೀಗೆ ಹೇಳುತ್ತೇನೆ. ಸನ್ನದಿನ ಅಕ್ಷರವನ್ನು ಮಾತ್ರ ಓದಿದರೆ ಪಶ್ಚಿಮದ ದೇಶಗಳ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ. ಆದರೆ ಹದಿನಾಲ್ಕು ವರ್ಷ ಮಾತುಕತೆಗೆ ಕರೆದರೂ ಬಾರದೆ, ಪಟ್ಟಿಗೆ ಸೇರಿಸಿದರೂ ವರದಿ ಕೊಡದೆ, ಸತ್ಯಾಗ್ರಹಕ್ಕೆ ಗುಂಡಿನ ಉತ್ತರ ಕೊಟ್ಟ ದೇಶಕ್ಕೆ ಅದೇ ಸನ್ನದು ಕಾವಲಾಗಿ ನಿಲ್ಲಬೇಕೆಂದರೆ, ಲೆಕ್ಕ ಕೇಳುವ ಆ ಇಡೀ ವ್ಯವಸ್ಥೆಗೆ ಅರ್ಥ ಉಳಿಯುವುದಿಲ್ಲ. ಪೋರ್ಚುಗಲ್ಲಿನಲ್ಲೇ ಸರ್ವಾಧಿಕಾರ ಕುಸಿದ ಮೇಲೆ, 1974ರ ಡಿಸೆಂಬರ್ 31ರಂದು ದಿಲ್ಲಿಯಲ್ಲಿ ಆದ ಒಪ್ಪಂದದಲ್ಲಿ, ಅದು ಈ ಪ್ರದೇಶಗಳ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿಕೊಂಡಿತು.

ಗೋವಾದ ಜನರನ್ನು ಯಾರಾದರೂ ಕೇಳಿದರೇ?

1961ರಲ್ಲಿ ಜನಮತಗಣನೆ ನಡೆಯಲಿಲ್ಲ. ಇದನ್ನು ಮುಚ್ಚಿಡಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪೋರ್ಚುಗಲ್ ತನ್ನ 451 ವರ್ಷಗಳಲ್ಲಿ ಅವರನ್ನು ಒಮ್ಮೆಯೂ ಕೇಳಲಿಲ್ಲವೆಂಬುದನ್ನೂ ಜೊತೆಗೇ ಹೇಳುತ್ತೇನೆ. ಗೋವಾದವರಿಗೆ ನೇರ ಪ್ರಶ್ನೆ ಹಾಕಿದ್ದು 1967ರ ಜನವರಿ 16ರಂದು. ಮಹಾರಾಷ್ಟ್ರದಲ್ಲಿ ಸೇರಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು ಕೇಳಿದಾಗ, 1,72,191 ಜನ ಪ್ರತ್ಯೇಕವಾಗಿ ಉಳಿಯಲು, 1,38,170 ಜನ ವಿಲೀನಕ್ಕೆ ಮತ ಹಾಕಿದರು. ನೆರೆಯವರು ಬಹಳ ಬಲವಾಗಿ ಬಯಸಿದ್ದ ವಿಲೀನವನ್ನು ಒಂದು ಸಣ್ಣ ನಾಡು ಮತಪೆಟ್ಟಿಗೆಯಲ್ಲಿ ಬೇಡವೆಂದಿತು. ಆ ಉತ್ತರಕ್ಕೆ ಎಲ್ಲರೂ ತಲೆಬಾಗಿದರು. ವಿಮೋಚನೆಯ ದಿನಕ್ಕಿಂತಲೂ ಈ ದಿನದ ಬಗ್ಗೆ ನನಗೆ ಹೆಚ್ಚು ಗೌರವವಿದೆ.

ಬೆಳಗಾವಿಯ ಗಡಿ ವಿವಾದವನ್ನೂ ವಿಶ್ವಸಂಸ್ಥೆಗೆ ಒಯ್ಯಬಹುದೇ?

ಒಯ್ಯಲಾಗದು. ಅದು ಒಂದೇ ದೇಶದ ಎರಡು ರಾಜ್ಯಗಳ ನಡುವಿನ ಎಲ್ಲೆಯ ಮಾತು. ಅಲ್ಲಿ ಸಾರ್ವಭೌಮತ್ವದ ಪ್ರಶ್ನೆಯೇ ಇಲ್ಲ. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸಂವಿಧಾನದ 131ನೆಯ ವಿಧಿಯಡಿ ಸುಪ್ರೀಂ ಕೋರ್ಟಿನ ಮುಂದಿದೆ.

1542ನೆಯ ನಿರ್ಣಯದ ಪಟ್ಟಿಯಲ್ಲಿದ್ದ ಉಳಿದವರ ಗತಿ ಏನಾಯಿತು?

ಆಫ್ರಿಕಾದ ಪ್ರದೇಶಗಳು ದೀರ್ಘ ಯುದ್ಧಗಳ ನಂತರ 1974-75ರಲ್ಲಿ ಸ್ವತಂತ್ರವಾದವು. ಮಕಾವನ್ನೂ, ಅದರ ಜೊತೆಗೆ ಬ್ರಿಟನ್ನಿನ ಹಾಂಗ್‌ಕಾಂಗನ್ನೂ, ಚೀನಾದ ಕೋರಿಕೆಯಂತೆ 1972ರಲ್ಲಿ ವಿಶ್ವಸಂಸ್ಥೆಯ ವಸಾಹತುಗಳ ಪಟ್ಟಿಯಿಂದ ತೆಗೆದರು. ಅಲ್ಲಿನ ಜನರಿಗೆ ಸ್ವಯಂನಿರ್ಣಯದ ಬಾಗಿಲು ಅದರೊಂದಿಗೆ ಮುಚ್ಚಿತು. ಪೂರ್ವ ಟಿಮೋರ್‌ನ ಕಥೆ ಮಾತ್ರ ಬೇರೆ. 1975ರಲ್ಲಿ ಇಂಡೊನೇಷ್ಯಾ ಅದನ್ನು ಆಕ್ರಮಿಸಿ ತನ್ನ ಪ್ರಾಂತವೆಂದು ಸಾರಿದರೂ ವಿಶ್ವಸಂಸ್ಥೆ ಪಟ್ಟಿಯಿಂದ ಹೆಸರನ್ನು ಅಳಿಸಲಿಲ್ಲ. ಇಪ್ಪತ್ತನಾಲ್ಕು ವರ್ಷ ಆ ಹೆಸರು ಬರಿಯ ಕಾಗದದ ಮೇಲೆ ಉಳಿಯಿತು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯೇ ಮತದಾನ ನಡೆಸಿದಾಗ ನೂರಕ್ಕೆ 78.5ರಷ್ಟು ಜನ ಇಂಡೊನೇಷ್ಯಾದಿಂದ ಬೇರೆಯಾಗುವತ್ತ ನಿಂತರು. 2002ರ ಮೇ 20ರಂದು ಅದು ಸ್ವತಂತ್ರ ದೇಶವಾಯಿತು. ಪಟ್ಟಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಟಿಮೋರ್ ಕಡೆ ಬೆರಳು ತೋರಿಸುತ್ತೇನೆ.

ಇಂದು ವಿಶ್ವಸಂಸ್ಥೆಯ ವಸಾಹತುಗಳ ಪಟ್ಟಿಯಲ್ಲಿ ಎಷ್ಟು ಪ್ರದೇಶಗಳಿವೆ?

ಹದಿನೇಳು. ಪಶ್ಚಿಮ ಸಹಾರಾ ಬಿಟ್ಟರೆ ಹೆಚ್ಚಿನವು ಬರ್ಮುಡಾ, ಗುವಾಮ್, ನ್ಯೂ ಕ್ಯಾಲಿಡೋನಿಯಾದಂಥ ದ್ವೀಪಗಳು. ಒಮ್ಮೆ ಕೈಬಿಟ್ಟಿದ್ದ ಫ್ರೆಂಚ್ ಪಾಲಿನೇಷ್ಯಾವನ್ನು 2013ರಲ್ಲಿ ಮತ್ತೆ ಸೇರಿಸಿದರು.

ಆಳುವ ದೇಶದ ಜೊತೆಗೇ ಇರುತ್ತೇವೆ ಎಂದು ಜನರೇ ಹೇಳಿದರೆ?

ನಿಜವಾಗಿ ಕಠಿಣವಾದ ಪ್ರಶ್ನೆ ಇದೇ. ಜಿಬ್ರಾಲ್ಟರ್ 1713ರ ಉಟ್ರೆಕ್ಟ್ ಒಪ್ಪಂದದಿಂದ ಬ್ರಿಟನ್ನಿನ ಕೈಸೇರಿದ, ಸ್ಪೇನಿನ ದಕ್ಷಿಣ ತುದಿಯ ಬಂಡೆಗಲ್ಲಿನ ಊರು. 1967ರಲ್ಲಿ ಕೇಳಿದಾಗ 12,138 ಜನ ಬ್ರಿಟನ್ ಎಂದರು, ಸ್ಪೇನ್ ಎಂದವರು 44 ಜನ. ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಬ್ರಿಟನ್ 1982ರಲ್ಲಿ ಯುದ್ಧವನ್ನೇ ಮಾಡಿದವು. 2013ರ ಮತದಾನದಲ್ಲಿ 1,513 ಜನ ಬ್ರಿಟನ್ನಿನ ಪರ, ಮೂವರು ಮಾತ್ರ ವಿರುದ್ಧ. ಆದರೂ ಎರಡೂ ಪಟ್ಟಿಯಲ್ಲಿವೆ. ಏಕೆಂದರೆ 1514ನೆಯ ನಿರ್ಣಯವೇ ಎರಡು ಮಾತುಗಳನ್ನು ಒಟ್ಟಿಗೆ ಆಡುತ್ತದೆ: ಪ್ರತಿಯೊಂದು ಜನಸಮುದಾಯಕ್ಕೂ ತನ್ನ ಭವಿಷ್ಯ ನಿರ್ಧರಿಸುವ ಹಕ್ಕಿದೆ, ಆದರೆ ದೇಶವೊಂದರ ಪ್ರಾದೇಶಿಕ ಅಖಂಡತೆಯನ್ನು ಒಡೆಯಕೂಡದು. ಹೊರಗಿನಿಂದ ತಂದು ನೆಲೆಗೊಳಿಸಿದ ಜನರ ಮತಕ್ಕೆ ಆ ಹಕ್ಕು ಸಲ್ಲುವುದಿಲ್ಲ ಎಂಬುದು ಅರ್ಜೆಂಟೀನಾದ ವಾದ. ಎಂಟು-ಒಂಬತ್ತು ತಲೆಮಾರುಗಳಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರನ್ನು ಇನ್ನೂ ವಲಸಿಗರೆನ್ನುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಟೋಕೆಲಾವ್ ಎಂಬ ಪುಟ್ಟ ದ್ವೀಪಸಮೂಹದ್ದು ಇನ್ನೊಂದು ಬಗೆ. ಅದನ್ನು ಬಿಟ್ಟುಕೊಡಲು ನ್ಯೂಜಿಲೆಂಡ್ ಸಿದ್ಧವಿತ್ತು. 2006ರಲ್ಲಿ, ಮತ್ತೆ 2007ರಲ್ಲಿ ಮತದಾನ ನಡೆಯಿತು. ಬೇಕಿದ್ದ ಮೂರನೇ ಎರಡರಷ್ಟು ಬಹುಮತ ಎರಡು ಸಲವೂ ಸಿಗಲಿಲ್ಲ.

ಪಶ್ಚಿಮ ಸಹಾರಾದ ಜನಮತಗಣನೆ ಏಕೆ ನಡೆದಿಲ್ಲ?

ಮತ ಹಾಕುವವರು ಯಾರು ಎಂಬುದೇ ಬಗೆಹರಿಯಲಿಲ್ಲ. 1975ರ ಅಕ್ಟೋಬರ್ 16ರಂದು ಹೇಗ್ ನ್ಯಾಯಾಲಯ, ಮೊರೊಕ್ಕೊ ಮತ್ತು ಮಾರಿಟೇನಿಯಾಕ್ಕೆ ಆ ನೆಲದೊಡನೆ ಕೆಲವು ಹಳೆಯ ಸಂಬಂಧಗಳಿದ್ದರೂ ಅವು ಸಾರ್ವಭೌಮತ್ವಕ್ಕೆ ಸಾಲವು ಎಂದಿತು. ಮೂರೇ ವಾರಗಳಲ್ಲಿ ಮೊರೊಕ್ಕೊ ಲಕ್ಷಾಂತರ ಜನರ ‘ಹಸಿರು ನಡಿಗೆ’ಯನ್ನು ಗಡಿಯಾಚೆ ಕಳಿಸಿತು; ಅಲ್ಲಿಯವರೆಗೆ ಆ ನೆಲವನ್ನು ಆಳುತ್ತಿದ್ದ ಸ್ಪೇನ್ 1976ರಲ್ಲಿ ಕೈತೊಳೆದುಕೊಂಡು ಹೋಯಿತು. ಮತದಾನ ನಡೆಸಲೆಂದೇ ವಿಶ್ವಸಂಸ್ಥೆ 1991ರಲ್ಲಿ ತಂಡ ಕಳಿಸಿತು. ಮತದಾರರ ಪಟ್ಟಿಯ ಜಗಳದಲ್ಲೇ ವರ್ಷಗಳು ಉರುಳಿದವು, ಮತದಾನ ಆಗಲಿಲ್ಲ. ಅಲ್ಜೀರಿಯಾದ ತಿಂದೂಫ್ ಬಳಿಯ ಸಹಾರಾ ನಿರಾಶ್ರಿತರ ಶಿಬಿರಗಳಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿದ್ದಾರೆ.

ಹೇಗ್ ನ್ಯಾಯಾಲಯದ ಸಲಹಾ ಅಭಿಪ್ರಾಯಕ್ಕೆ ಯಾರೂ ಬದ್ಧರಲ್ಲವೆಂದ ಮೇಲೆ ಅದರಿಂದ ಏನು ಪ್ರಯೋಜನ?

ನಮೀಬಿಯಾವನ್ನು ನೋಡಿ. ‘ಸಿ’ ದರ್ಜೆಯ ಮ್ಯಾಂಡೇಟ್ ಆಗಿ ಆ ನೆಲವನ್ನು ಪಡೆದ ದಕ್ಷಿಣ ಆಫ್ರಿಕಾ ಅದನ್ನು ಬಿಡಲೊಪ್ಪಲಿಲ್ಲ. 1966ರಲ್ಲಿ ಸಾಮಾನ್ಯ ಸಭೆ ಮ್ಯಾಂಡೇಟನ್ನು ರದ್ದುಮಾಡಿತು. 1971ರಲ್ಲಿ ನ್ಯಾಯಾಲಯ ಅಲ್ಲಿ ದಕ್ಷಿಣ ಆಫ್ರಿಕಾದ ಇರುವಿಕೆಯೇ ಕಾನೂನುಬಾಹಿರ ಎಂದಿತು. ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು. ನ್ಯಾಯಾಲಯದ ಮಾತಿನಿಂದಲೇ ಬಂತೆನ್ನಲಾರೆ, ಅಲ್ಲಿನವರು ದಶಕಗಳ ಕಾಲ ಹೋರಾಡಿದ್ದಾರೆ. ಆದರೆ ಆ ಮಾತಿನ ನಂತರ ದಕ್ಷಿಣ ಆಫ್ರಿಕಾದ ಪರ ಬಹಿರಂಗವಾಗಿ ನಿಲ್ಲುವುದು ಯಾವ ದೇಶಕ್ಕೂ ಸುಲಭವಾಗಿ ಉಳಿಯಲಿಲ್ಲ.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು ಇತ್ತೀಚಿನ ಉದಾಹರಣೆ. ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೂರು ವರ್ಷ ಮೊದಲು, 1965ರಲ್ಲಿ, ಬ್ರಿಟನ್ ಈ ದ್ವೀಪಗಳನ್ನು ಅದರಿಂದ ಕತ್ತರಿಸಿ ತನ್ನಲ್ಲೇ ಇಟ್ಟುಕೊಂಡಿತು. ಅವುಗಳಲ್ಲಿ ದೊಡ್ಡದಾದ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಬರಬೇಕೆಂಬ ಒಂದೇ ಕಾರಣಕ್ಕೆ ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಜನರನ್ನೆಲ್ಲ 1973ರ ಹೊತ್ತಿಗೆ ಹೊರಹಾಕಿದರು. 2019ರ ಫೆಬ್ರುವರಿ 25ರಂದು ನ್ಯಾಯಾಲಯ, ಆ ವಿಭಜನೆ ಕಾನೂನಿಗೆ ಹೊಂದುವುದಿಲ್ಲ, ಬ್ರಿಟನ್ ಆದಷ್ಟು ಬೇಗ ಅಲ್ಲಿನ ಆಡಳಿತ ಕೊನೆಗೊಳಿಸಬೇಕು ಎಂದು ಅಭಿಪ್ರಾಯಪಟ್ಟಿತು. ಮೇ ತಿಂಗಳಿನಲ್ಲಿ ಸಾಮಾನ್ಯ ಸಭೆ ಅದನ್ನು 116 ಮತಗಳಿಂದ ಎತ್ತಿಹಿಡಿದಾಗ ಬ್ರಿಟನ್ನಿನ ಕಡೆ ನಿಂತವು ಅದೂ ಸೇರಿ ಆರೇ ದೇಶಗಳು. 2025ರ ಮೇ 22ರಂದು ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಒಪ್ಪಿಸುವ, ಡಿಯಾಗೊ ಗಾರ್ಸಿಯಾವನ್ನು 99 ವರ್ಷ ಬ್ರಿಟನ್ನಿಗೆ ಗುತ್ತಿಗೆ ಕೊಡುವ ಒಪ್ಪಂದಕ್ಕೆ ಎರಡೂ ಸರಕಾರಗಳು ಸಹಿ ಹಾಕಿದವು.

ಚಾಗೋಸ್‌ನ ಮೂಲ ನಿವಾಸಿಗಳಿಗೆ ಈ ಒಪ್ಪಂದದಿಂದ ಏನು ಸಿಕ್ಕಿತು?

ಬೇರೆ ದ್ವೀಪಗಳಲ್ಲಿ ಅವರ ಮರುವಸತಿಗೆ ಮಾರಿಷಸ್ ಅವಕಾಶ ಮಾಡಿಕೊಡಬಹುದು. ಡಿಯಾಗೊ ಗಾರ್ಸಿಯಾದಲ್ಲಿ ಮರಳಿ ನೆಲೆಸುವಂತಿಲ್ಲ. ಕೆಲವರು ಒಪ್ಪಂದವನ್ನು ಸ್ವಾಗತಿಸಿದ್ದಾರೆ. ಮತ್ತೆ ಕೆಲವರು ಅದನ್ನು ವಿರೋಧಿಸಿ ಲಂಡನ್ನಿನ ಕೋರ್ಟಿನ ಮೆಟ್ಟಿಲು ಹತ್ತಿದರು. ಎರಡು ಸರಕಾರಗಳು ಮಾತುಕತೆಗೆ ಕುಳಿತಾಗ ಆ ಮೇಜಿನ ಸುತ್ತ ತಮಗೊಂದು ಕುರ್ಚಿ ಹಾಕಿರಲಿಲ್ಲ ಎಂಬುದು ಅವರ ದೂರು.